ಮೈಕಿನ ವೈರು ಹೋದ ದಾರಿ

ನನ್ನ ಮೈಕಿನಲ್ಲಿ ಕೆಮ್ಮಿದರೆ ಸುರಪುರದ ಗುಡ್ಡಗಳು ‘ಯಾರ್ರೀ?’ ಎನ್ನುತ್ತವೆ. ಮೈಕ್‌ಸೆಟ್ ಅಯ್ಯಣ್ಣ ಎಂದರೆ ಹುಣಸಗಿಯ ಕೋಣಗಳೂ ಕಿವಿ ನಿಮಿರಿಸುತ್ತವೆ. ಇಂಥ ನಾನಿರುವ ಊರಿನಲ್ಲೇ ದುರಗಮ್ಮನ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ.

ಗುಡಿ ಮುಂದಿನ ನಲ್ಲಿಯನ್ನು ಜಾತಿಯ ಕಾರಣಕ್ಕೆ ಅವಳ ಓಣಿಯವರು ಮುಟ್ಟುವಂತಿಲ್ಲ. ಬೇರೆಯವರು ಬಂದು ಮೇಲಿಂದ ನೀರು ಸುರಿಯುವ ತನಕ ಕೊಡ ಇಟ್ಟು ಕಾಯಬೇಕು. ಮನೆಯಲ್ಲಿ ಸೊಸೆ ಬಾಣಂತಿ.

ಆ ದಿನ ಜನರ ಅಹವಾಲು ಕೇಳಲು ಮುಖಂಡರಾದ ಜಗದೇವಪ್ಪನವರು ಅಧಿಕಾರಿಗಳು, ಪೊಲೀಸರ ಜೊತೆ ಶಹಾಪುರದಿಂದ ಬಂದಿದ್ದರು. ಸ್ವಸಹಾಯ ಸಂಘದ ಸವಿತಾ ದುರಗಮ್ಮನ ಮನೆಗೆ ಓಡಿದಳು.

“ಯವ್ವಾ, ನಡಿ. ನಲ್ಲಿ ಮುಟ್ಟಬ್ಯಾಡ ಅನ್ನೋದು ಕಾನೂನಿನ್ಯಾಗ ಅಪರಾಧ. ಸಾಹೇಬ್ರ ಮುಂದ ಹೇಳು.”

“ಸಭಾ ಎಲ್ಲಿ ಅದ?”

“ಗುಡಿಯಾಗ...” ಎಂದಳು ಸವಿತಾ.

“ಹುಚ್ಚಿ! ನಲ್ಲಿ ಮುಟ್ಟಗೊಡಲಾರದವ್ರು ಗುಡಿಯಾಗ ಬಿಡ್ತಾರೇನ?”

ಅತ್ತ ಗುಡಿಯಲ್ಲಿ ಜಗದೇವಪ್ಪನವರು, “ತಕರಾರು ಏನರ ಅದಾವೇನ್ರಿ?” ಎಂದರು. “ಏನಿಲ್ರಿ, ಎಲ್ಲಾ ಆರಾಮ ಅದ್ರಿ,” ಎಂದರು ಒಳಗೆ ಕುಳಿತವರು.

ಸಭೆಗೆಂದು ಗುಡಿಗೆ ಮೈಕು ಕಟ್ಟಿ ಹೊರಗೆ ನಿಂತಿದ್ದ ನನ್ನ ಅಂಗಿಯನ್ನು ಸವಿತಾ ಬಂದು ಜಗ್ಗಿದಳು. “ಅಣ್ಣಾ, ನಿನ್ನ ವೈರು ಯಾದಗಿರಿಗಿ ಮುಟ್ಟತದ ಅಂತ ಬಡಾಯಿ ಕೊಚ್ಚತಿ. ದುರಗಮ್ಮನ ಓಣಿಗಿ ಮುಟ್ಟತದೇನು?”

ಮುಟ್ಟಿತು. ಇನ್ನೂ ಹೈದರಾಬಾದಿಗೆ ಹೋಗಿಬರುವಷ್ಟು ಉಳಿಯಿತು.

“ನೀ ಒಳಗ ಹೋಗಾಕ ಆಗ್ಲಿಲ್ಲಂದ್ರ ನಿನ್ನ ಮಾತರ ಹೋಗ್ಲಿ, ಯವ್ವಾ,” ಎಂದು ಸವಿತಾ ಮೈಕು ಕೊಟ್ಟಳು.

“ಏಳು ಸಮುದ್ರದಷ್ಟು ಅತ್ತೀನಿ ಅನ್ನು,” ನಾನು ಉಸುರಿದೆ.

“ಸುಮ್ಮನ ನಿಂದ್ರೋ ಬಡಾಯಿ. ಇದ್ದದ್ದ ಹೇಳತೀನಿ.” ದುರಗಮ್ಮ ಮೈಕು ಬಾಯಿಗೆ ಹಿಡಿದಳು. “ಸಾಹೇಬ್ರ, ನಾ ದುರಗಮ್ಮ. ಗುಡಿ ಮುಂದಿನ ನಲ್ಲಿ ನಮಗ ಮುಟ್ಟಗೊಡವಲ್ರು. ಸೊಸಿ ಬಾಣಂತಿ, ಮನ್ಯಾಗ ತಂಬಗಿ ನೀರಿಲ್ಲ. ನಾವು ಒಳಗ ಬರಂಗಿಲ್ಲ. ನೀವ ಬರ್ರಿ.”

ಗುಡಿಯ ಮೇಲಿನ ಹಾರ್ನು ಅಷ್ಟನ್ನೂ ಊರಿಗೆಲ್ಲ ಹೇಳಿತು. ಜಗದೇವಪ್ಪನವರು ಹಾರ ತೆಗೆದಿಟ್ಟರು. ವೈರಿನ ಗುಂಟ ನಡೆದು ಓಣಿಗೆ ಬಂದರು. ಅವಳ ಅಂಗಳದಲ್ಲೇ ಕುಳಿತು ಪೊಲೀಸರಿಂದ ದೂರು ಬರೆಸಿದರು. ಬಳಿಕ ಎಲ್ಲರೂ ನಲ್ಲಿಗೆ ಹೋದರು. ದುರಗಮ್ಮ ತಾನೇ ನಲ್ಲಿ ತಿರುವಿದಳು. ಬಂದದ್ದು ಒಂದು ಕೊಡ. ಆದರೆ ಕೃಷ್ಣಾ ಹೊಳೆಯೇ ನಾಚಿತು.

“ಹೇಳಿದ್ದು ಚಲೋ ಆತಿಲ್ಲ, ಯವ್ವಾ?” ಎಂದಳು ಸವಿತಾ.

“ಮುಂದಿನ ಸಭಾ ನಮ್ಮ ಓಣ್ಯಾಗ ಇಡ್ರಿ ಅಂತನೂ ಹೇಳೀನಿ,” ಎನ್ನುತ್ತ ದುರಗಮ್ಮ ಕೊಡ ಸೊಂಟಕ್ಕೇರಿಸಿದಳು.

ಓದುವ ಅಕ್ಕ-ಅಣ್ಣಂದಿರೇ, ನಿಮ್ಮೂರಿಗೆ ಮುಖಂಡರು ಬಂದರೆ ಸಭೆ ಯಾವಾಗ ಎನ್ನುವ ಮೊದಲು ಎಲ್ಲಿ ಎಂದು ಕೇಳಿರಿ. ನೊಂದವರು ಕಾಲಿಡಲಾಗದ ಜಾಗವಾದರೆ ಬದಲಿಸಲು ಹೇಳಿರಿ. ಅವರ ಮಾತು ಅವರೇ ಆಡಲಿ. ಮುಖಂಡರ ದಾರಿಯನ್ನೂ ಕಾಯಬೇಡಿ. ಜಾತಿಯ ಹೆಸರಿನಲ್ಲಿ ದೌರ್ಜನ್ಯವಾದರೆ 14566ಕ್ಕೆ ಪುಕ್ಕಟೆ ಫೋನು ಮಾಡಬಹುದು. ನನ್ನ ಮಾತಿನಲ್ಲಿ ಅರ್ಧ ಬಿಟ್ಟುಬಿಡಿ. ಈ ನಂಬರಿನಲ್ಲಿ ಮಾತ್ರ ಒಂದಂಕಿಯನ್ನೂ ಬಿಡಬೇಡಿ.