ಅಮ್ಮ ಎಳೆದ ಗೀಟು

ಆ ಬೀದಿಯವರು ಅವಳನ್ನು ಕರೆಯುತ್ತಿದ್ದದ್ದೇ ಕಾಗದದ ಡಾಕ್ಟರು ಅಂತ. ಹರಿದದ್ದು, ಹುಳ ತಿಂದದ್ದು, ಚಹಾ ಚೆಲ್ಲಿದ್ದು, ಹೀಗೆ ಹಳೇ ಪತ್ರಗಳೆಲ್ಲ ಅವಳ ಮೇಜಿಗೆ ಬಂದು ಮಲಗುತ್ತಿದ್ದವು. ವಾಸಿಯಾಗಿ, ಕಟ್ಟು ಹಾಕಿಸಿಕೊಂಡು, ಯಾರದೋ ಗೋಡೆ ಏರಲು ಹೋಗುತ್ತಿದ್ದವು. ಕೈ ಚುರುಕು, ಬಾಯಿ ಇನ್ನೂ ಚುರುಕು. ಜಂಬವೂ ಒಂದಿಷ್ಟಿತ್ತು, ಇಲ್ಲ ಅನ್ನುವಂತಿಲ್ಲ.

ಆ ಜಂಬವೇ ಅವತ್ತು ಎಡವಟ್ಟು ಮಾಡಿತು. ಪಕ್ಕದ ಬೀದಿಯ ಟೀಚರ್ ತಂದುಕೊಟ್ಟಿದ್ದು ಅವರಪ್ಪ ಬರೆದ ಪತ್ರ. ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದ ಮೇಲೆ ಆ ಮನುಷ್ಯ ಎಡಗೈಯಲ್ಲಿ ಅಕ್ಷರ ತಿದ್ದಿ ಕಲಿತು, ದೂರದಲ್ಲಿ ಕೆಲಸಕ್ಕೆ ಸೇರಿದ್ದ ಮಗಳಿಗೆ ಬರೆದದ್ದು. ನಾನು ಚೆನ್ನಾಗಿದ್ದೇನೆ, ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು ಅನ್ನುವಷ್ಟೇ ಸಮಾಚಾರ. ಅಷ್ಟಕ್ಕೇ ಪುಟ ತುಂಬಿತ್ತು. ಒಂದೊಂದು ಅಕ್ಷರವೂ ಆಗಷ್ಟೇ ನಡೆಯಲು ಕಲಿತ ಮಗುವಿನ ಹಾಗೆ ವಾಲಾಡುತ್ತ, ಆದರೂ ಬೀಳದೆ ನಿಂತಿತ್ತು. ಡಾಕ್ಟರಿಗೆ ನೋಡಿದಷ್ಟೂ ಸಾಲದು. ಇಂಥ ಚಂದದ ಬರಹದ ಕೆಳಗೆ ಈ ಮಾಸಲು ಪೆನ್ಸಿಲ್ ಗೀಟುಗಳು ಯಾಕೆ ಅಂದುಕೊಂಡು, ಶಾಯಿಗೆ ತಾಗದ ಹಾಗೆ ಮೆತ್ತನೆ ರಬ್ಬರಿನಿಂದ ಒಂದೂ ಬಿಡದೆ ಅಳಿಸಿ ಕೈ ಒರೆಸಿಕೊಂಡಳು.

ಆಗ ಫೋನ್ ಬಂತು.

"ಹೇಳೋದೇ ಮರ್ತೆ ಕಣಮ್ಮಾ," ಅಂದರು ಟೀಚರ್. "ಆ ಗೀಟುಗಳನ್ನ ಮಾತ್ರ ಮುಟ್ಟಬೇಡ. ಅಮ್ಮಂಗೆ ಓದು ಬರಹ ಬರ್ತಿರ್ಲಿಲ್ಲ. ಅಪ್ಪನ ಸಾಲು ಜಾರದೇ ಇರ್ಲಿ ಅಂತ ಬಾಚಣಿಗೆ ಇಟ್ಕೊಂಡು ಅವಳೇ ಗೀಟು ಎಳೀತಿದ್ಲು. ಅವಳ ಕೈಯದ್ದು ಅಂತ ನನ್ನ ಹತ್ರ ಉಳಿದಿರೋದು ಅದೊಂದೇ."

ಡಾಕ್ಟರು "ಆಯ್ತು ಟೀಚರ್" ಅಂದುಬಿಟ್ಟಳು.

ಫೋನ್ ಇಟ್ಟವಳೇ ಪೆನ್ಸಿಲ್ಲು, ಸ್ಕೇಲು ಕೈಗೆತ್ತಿಕೊಂಡಳು. ಯಾರಿಗೆ ಗೊತ್ತಾಗಬೇಕು? ಆದರೆ ತನ್ನ ಗೀಟು ನೋಡಿ ಟೀಚರ್ ಅಮ್ಮಾ ಅಂತ ಕಣ್ಣೀರು ಹಾಕಿದರೆ? ನೆನೆದೇ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಪೆನ್ಸಿಲ್ ಬಿಸಾಕಿ, ಟೀಚರನ್ನು ಬರಹೇಳಿದಳು.

"ಅಳಿಸಿಬಿಟ್ಟಿದ್ದೀನಿ ಟೀಚರ್. ನೀವು ಫೋನ್ ಮಾಡೋ ಮುಂಚೇನೇ. ಆಯ್ತು ಅಂದಿದ್ದು ಸುಳ್ಳು."

ಟೀಚರ್ ಪತ್ರದ ಮುಖ ನೋಡಲಾರದೆ ಅದನ್ನು ಮಗುಚಿ, ಹಿಂಬದಿ ಸವರುತ್ತ ಕೂತರು. ಸವರುತ್ತಿದ್ದ ಬೆರಳು ನಿಂತಿತು. ಇನ್ನೊಮ್ಮೆ ಹಿಂದೆ ಹೋಗಿ ಬಂತು.

"ಏನೇ ಇದು, ಬೆರಳಿಗೆ ಸಿಗ್ತಿದೆ?"

ಡಾಕ್ಟರು ಮುಟ್ಟಿ ನೋಡಿದಳು. ಹಾರಿ ಹೋಗಿ ದೀಪ ಆರಿಸಿ, ಹಾಳೆಯನ್ನು ಮೊದಲಿನಂತೆ ಮಲಗಿಸಿ, ಮೇಜಿನ ಮಟ್ಟದಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದಳು. ಪೆನ್ಸಿಲ್ಲಿನ ಬಣ್ಣ ಹೋಗಿತ್ತು, ಒತ್ತಿದ ಗುರುತು ಹೋಗಿರಲಿಲ್ಲ. ಅಪ್ಪನ ಅಕ್ಷರಗಳ ಕೆಳಗೆ ಅಮ್ಮನ ಗೀಟುಗಳೆಲ್ಲ ನೆರಳಾಗಿ ಎದ್ದು ಬಂದವು. ದಿನಾ ಮಾಡುವ ಪರೀಕ್ಷೆ. ಗಾಬರಿಯಲ್ಲಿ ಅವಳಿಗೆ ಹೊಳೆದೇ ಇರಲಿಲ್ಲ.

"ಅಮ್ಮ ಬಟ್ಟೆ ಒಗೆದ್ರೆ ಒಂದು ಗುಂಡೀನೂ ಉಳೀತಿರ್ಲಿಲ್ಲ," ಟೀಚರ್ ನಗುತ್ತಲೇ ಕಣ್ಣೊರೆಸಿಕೊಂಡರು. "ಇನ್ನು ಕಾಗದಾನ ಬಿಡ್ತಾಳಾ!"

ಡಾಕ್ಟರಿಗೆ ಹೋದ ಜೀವ ಬಂದಂತಾಯಿತು. ನೆಲದ ಮೇಲೇ ಕೂತುಬಿಟ್ಟಳು.

"ಕಟ್ಟು ಹಾಕುವಾಗ ಹಿಂದೆ ಮುಚ್ಚಬೇಡ," ಅಂದರು ಟೀಚರ್. "ಅಪ್ಪನ್ನ ಓದ್ತೀನಿ. ಅಮ್ಮನ್ನ ಹೀಗೇ ಮುಟ್ತೀನಿ."

ಬೆರಳು ತಾಗಿದರೆ ಕಾಗದ ಕೆಡುತ್ತದೆ ಅಂತ ಬಂದವರಿಗೆಲ್ಲ ಗಂಟೆಗಟ್ಟಲೆ ಪಾಠ ಹೇಳುವವಳು ಅವತ್ತು, "ಕೈ ತೊಳ್ಕೊಂಡು ಮುಟ್ಟಿ ಟೀಚರ್" ಅಂದಳು, ಅಷ್ಟೇ.