ಹೆಡ್‌ಮಾಸ್ತರರಿಗೆ ಶ್ರದ್ಧಾಂಜಲಿ

ಪತ್ರಿಕೆಯಲ್ಲಿ ನಿಧನ ವಾರ್ತೆ ಬರೆಯುವವಳನ್ನು ಯಾರು ತಾನೇ ಅತಿಥಿಯಾಗಿ ಕರೆಯುತ್ತಾರೆ? ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವಳು ನಿಧನಕ್ಕ. ಹಾಗಾಗಿ, "ನಮ್ಮ ಮಕ್ಕಳು ಶಾಲಾ ಪತ್ರಿಕೆ ಶುರು ಮಾಡಿದ್ದಾರೆ, ಬಂದು ಸ್ವಲ್ಪ ಹೇಳಿಕೊಡಿ" ಎಂದು ತಾನು ಓದಿದ ಶಾಲೆಯಿಂದಲೇ ಫೋನ್ ಬಂದಾಗ ಅವಳು ಉಬ್ಬಿಹೋದಳು.

ಶಾಲೆ ಹಾಗೇ ಇತ್ತು. ಕಾರಿಡಾರಿನ ಫಿನಾಯಿಲ್ ವಾಸನೆಯೂ ಅದೇ, ಹೆಡ್‌ಮಾಸ್ತರೂ ಅವರೇ. ಅವರ ಗಂಟಲಿಗೆ ಹೆದರಿ ಮಕ್ಕಳು ಇಟ್ಟಿದ್ದ ಹೆಸರು ಗುಡುಗು ಸಾರ್. ಅವತ್ತು ಮಾತ್ರ ಅವರು ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದರು.

"ನೋಡಿ ಮಕ್ಕಳೇ, ನನಗೆ ಬರೋದು ಒಂದೇ ವಿದ್ಯೆ," ಎಂದಳು ನಿಧನಕ್ಕ. "ನಿಮಗೆಲ್ಲ ಗೊತ್ತಿರೋ ಒಬ್ಬರನ್ನ ಆರಿಸ್ಕೊಳ್ಳಿ. ಅವರು ತೀರಿಕೊಂಡ್ರು ಅಂದ್ಕೊಂಡು ಸುದ್ದಿ ಬರೀರಿ."

"ಗುಡುಗು ಸಾರ್!" ಇಡೀ ತರಗತಿ ಒಂದೇ ಉಸಿರಿಗೆ ಕೂಗಿತು. ಇಷ್ಟು ಉತ್ಸಾಹ ಸ್ವಲ್ಪ ಅತಿಯಾಯಿತೇನೋ ಅನ್ನಿಸಿತು ಅವಳಿಗೆ.

"ಸರಿ, ಹೋಗಿ ಅವರ ಬಗ್ಗೆ ಜನರನ್ನ ಕೇಳ್ಕೊಂಡು ಬನ್ನಿ. ಆದರೆ ಯಾಕೆ ಕೇಳ್ತಿದ್ದೀರಿ ಅಂತ ಮೊದಲೇ ಹೇಳ್ಬೇಕು. ಮುಚ್ಚಿಡೋ ಹಾಗಿಲ್ಲ."

ಎರಡು ಜಡೆಯ ಹುಡುಗಿ ನೆಟ್ಟಗೆ ಆಫೀಸಿನ ಗುಮಾಸ್ತರ ಮುಂದೆ ಹೋಗಿ ನಿಂತಳು. "ಅಂಕಲ್, ಹೆಡ್‌ಮಾಸ್ತರ ಬಗ್ಗೆ ಒಂದೆರಡು ಒಳ್ಳೇ ಮಾತು ಹೇಳಿ. ನಿಧನ ವಾರ್ತೆಗೆ. ಪತ್ರಿಕೆಯವರು ಬಂದಿದ್ದಾರೆ."

ಗುಮಾಸ್ತರ ಕೈಯಲ್ಲಿದ್ದ ಟೀ ಲೋಟ ಜಾರಿತು. "ಅಯ್ಯಯ್ಯೋ, ಹಲ್ಲಿನ ಜೊತೆ ಜೀವಾನೂ ಕಿತ್ಬಿಟ್ರಾ!" ಎಂದವರೇ ಹೆಡ್‌ಮಾಸ್ತರ ಹೆಂಡತಿಗೆ ಫೋನ್ ಮಾಡಿದರು. ಆಮೇಲೆ ಡ್ರಿಲ್ ಮಾಸ್ತರ ಹತ್ತಿರ ಓಡಿದರು. ಡ್ರಿಲ್ ಮಾಸ್ತರು ಸೀಟಿ ಊದಿ ಇಡೀ ಶಾಲೆಯನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದರು.

ಕಿಟಕಿಯಿಂದ ಅದನ್ನು ಕಂಡ ನಿಧನಕ್ಕ, ತನಗೇ ಸನ್ಮಾನವೆಂದುಕೊಂಡು ಕೂದಲು ಸರಿಮಾಡಿಕೊಂಡು ಕೆಳಗಿಳಿದಳು. ಬಂದು ನೋಡಿದರೆ ಎಲ್ಲರೂ ತಲೆ ತಗ್ಗಿಸಿ ನಿಂತಿದ್ದಾರೆ.

"ಯಾರು ಹೋದದ್ದು? ವಯಸ್ಸೆಷ್ಟು?" ಅಭ್ಯಾಸಬಲದಿಂದ ಪಿಸುಗುಟ್ಟಿದಳು.

"ನಮ್ಮ ಹೆಡ್‌ಮಾಸ್ತರು," ಎಂದರು ಗುಮಾಸ್ತರು, ಮೂಗು ಒರೆಸಿಕೊಳ್ಳುತ್ತ.

ತೀರಿಕೊಂಡ್ರು ಅಂದ್ಕೊಳ್ಳಿ ಎಂದು ನಿಧನಕ್ಕ ಈಗಷ್ಟೇ ಅಂದದ್ದು, ಅಷ್ಟರಲ್ಲೇ ನಿಜವಾಗಿಬಿಟ್ಟಿತೇ! ತನ್ನ ಬಾಯಿಗಿಷ್ಟು ಬೆಂಕಿ ಹಾಕ ಎಂದು ಕಣ್ಣೀರು ತಂದುಕೊಂಡಳು. ಆಮೇಲೆ ಕೇಳಿದಳು, "ನಿಮಗೆ ಯಾರು ಹೇಳಿದ್ರು?"

"ಪತ್ರಿಕೆಯವರೇ ಬಂದು ಹೇಳಿದ್ರಂತೆ."

ಕಣ್ಣೀರು ಅಲ್ಲೇ ನಿಂತಿತು.

ಅತ್ತ ಡ್ರಿಲ್ ಮಾಸ್ತರು ಮೈಕು ಹಿಡಿದು, "ಅಂಥ ಮೃದು ಸ್ವಭಾವದವರನ್ನ ನಾನು ಎಲ್ಲೂ ಕಂಡಿಲ್ಲ," ಎಂದು ಗದ್ಗದಿತರಾಗುತ್ತಿದ್ದರು. ಮಕ್ಕಳು ಮುಖ ಮುಖ ನೋಡಿಕೊಂಡರು. ಆಗಲೇ ಗೇಟಿನಿಂದ ಹೆಡ್‌ಮಾಸ್ತರು ಬಂದರು, ಕೆನ್ನೆ ಊದಿಸಿಕೊಂಡು. ಯಾರೋ ಪಾಪ ಹೋಗಿಬಿಟ್ಟರು ಎಂದು ಅವರೂ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಿಂತರು. "ನಮ್ಮ ಹೆಡ್‌ಮಾಸ್ತರು ಇನ್ನಿಲ್ಲ" ಎಂಬ ಮಾತು ಕಿವಿಗೆ ಬಿದ್ದಾಗ ಗುಡುಗಲು ಬಾಯಿ ತೆರೆದರು. ಇಂಜೆಕ್ಷನ್‌ನಿಂದ ಮರಗಟ್ಟಿದ ತುಟಿಯಿಂದ "ಫೂಫ್... ಥೂಪ್..." ಅಷ್ಟೇ ಹೊರಟಿತು.

ಮುಂದಿನ ಸಾಲಿನವರು ತಿರುಗಿ ನೋಡಿದರು. ಒಬ್ಬಳು ಕಿಟಾರನೆ ಕಿರುಚಿದಳು. ಅಷ್ಟರಲ್ಲಿ ಏದುಸಿರು ಬಿಡುತ್ತ ಓಡಿಬಂದ ಹೆಂಡತಿ ಗಂಡನನ್ನು ಮೇಲಿಂದ ಕೆಳಗೆ ನೋಡಿದರು.

"ಬದುಕೇ ಇದ್ದೀರಾ? ಮತ್ತೆ ಫೋನ್ ಯಾಕ್ರೀ ಎತ್ತಲ್ಲ!"

ಎರಡು ಜಡೆಯ ಹುಡುಗಿ ಪೆನ್ಸಿಲ್ ಹಿಡಿದು ನುಗ್ಗಿದಳು. "ಸಾರ್, ನಿಮ್ಮ ನಿಧನದ ಬಗ್ಗೆ ನಿಮ್ಮ ಪ್ರತಿಕ್ರಿಯೆ ಏನು?"

"ಥುಪ್ಪು!"

"ಥುಪ್ಪು ಅಂದ್ರು ಕಣೇ. ಹಾಗೇ ಬರ್ಕೋ," ಎಂದಳು ಗೆಳತಿಗೆ.

ನಿಧನಕ್ಕ ಕೈಮುಗಿದುಕೊಂಡು ಮುಂದೆ ಬಂದಳು. "ಸಾರ್, ನಂದೇ ತಪ್ಪು. ಎಲ್ಲಾ ಹೇಳಿಕೊಟ್ಟೆ, ಸತ್ತಿದ್ದಾರಾ ಅಂತ ಮೊದಲು ವಿಚಾರಿಸಿ ಅನ್ನೋದೊಂದು ಹೇಳ್ಲಿಲ್ಲ."

ಹೆಡ್‌ಮಾಸ್ತರು ಅವಳನ್ನು ದುರುಗುಟ್ಟಿ ನೋಡಿ, ಮೈದಾನದ ಬದಿಯ ಕಪ್ಪು ಹಲಗೆಯ ಮೇಲೆ ದೊಡ್ಡದಾಗಿ ಬರೆದರು: "ಸುದ್ದಿ ಸುಳ್ಳು." ಮಕ್ಕಳು ಚಪ್ಪಾಳೆ ಹೊಡೆದರು. ಡ್ರಿಲ್ ಮಾಸ್ತರು ಮೈಕು ಕೆಳಗಿಟ್ಟು ಮೆಲ್ಲನೆ ಜಾಗ ಖಾಲಿ ಮಾಡುವುದರಲ್ಲಿದ್ದರು.

ಹೆಡ್‌ಮಾಸ್ತರು ಒಂದು ಗಳಿಗೆ ಯೋಚಿಸಿ, ಅದರ ಕೆಳಗೆ ಇನ್ನೊಂದು ಸಾಲು ಬರೆದರು: "ಭಾಷಣ ಮುಂದುವರಿಯಲಿ."

ಆಮೇಲೆ ಕುರ್ಚಿ ತರಿಸಿಕೊಂಡು ಮೊದಲ ಸಾಲಿನಲ್ಲೇ ಕೂತರು. ಹೆಂಡತಿಯೂ ಪಕ್ಕದಲ್ಲಿ ಕೂತು, "ಮೃದು ಸ್ವಭಾವ ಅಂತಿದ್ರಲ್ಲ, ಅಲ್ಲಿಂದಲೇ ಶುರು ಮಾಡಿ ಮಾಸ್ತರೇ, ನಾನೂ ಕೇಳ್ತೀನಿ," ಎಂದರು.