ಊದಬಾರದು

ಟಿವಿಯಲ್ಲಿ ಮತ್ತೆ ಬೂದು ಪರದೆ. ಅಬ್ದುಲಸಮದ ಹಳೆಯ ವಿಡಿಯೊ ಗೇಮಿನ ಸ್ವಿಚ್ ಆರಿಸಿ, ಕ್ಯಾಸೆಟ್ ಕಿತ್ತು, ಅದರ ತಾಮ್ರದ ಹಲ್ಲುಗಳನ್ನು ಕಿಟಕಿಯ ಬೆಳಕಿಗೆ ಹಿಡಿದ. ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದ್ದಾಗಿತ್ತು, ಪೆನ್ಸಿಲ್ಲಿನ ರಬ್ಬರಿನಿಂದ ಉಜ್ಜಿದ್ದಾಗಿತ್ತು. ಹಲ್ಲುಗಳು ಫಳಫಳ ಹೊಳೆಯುತ್ತಿದ್ದವು. ಆಟ ಮಾತ್ರ ಬರುತ್ತಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಅಬ್ಬಾ ಕೆಮ್ಮಿದರು. ಸಮದ ಕೈ ನಿಲ್ಲಿಸಿ ಕಾದ. ಕೆಮ್ಮು ಅಡಗಿ ಆಕ್ಸಿಜನ್ ಯಂತ್ರದ ಗೊರಗೊರ ಮತ್ತೆ ಕೇಳಿಸಿದ ಮೇಲೆ ಸೂಜಿ ಎತ್ತಿಕೊಂಡು ವಿಡಿಯೊ ಗೇಮಿನ ಸಂದಿಯೊಳಗೆ ಬಾಗಿದ್ದ ಪಿನ್ನುಗಳನ್ನು ನೆಟ್ಟಗೆ ಮಾಡತೊಡಗಿದ.

ಭಾನುವಾರ. ಕಾಲೇಜಿಗೆ ರಜೆ. ಅಂದರೆ ಮನೆಯಲ್ಲಿರಬೇಕು; ಮನೆಯಲ್ಲಿದ್ದರೆ ಆ ಕೋಣೆಗೆ ಹೋಗಿ ಕೂಡಬೇಕು. ಕೂಡದಿರಲು ಏನಾದರೂ ಕಾರಣ ಬೇಕಲ್ಲ, ಅದಕ್ಕೇ ಅಟ್ಟದಿಂದ ಈ ಡಬ್ಬಿ ಇಳಿದಿತ್ತು. ಮಗಳು ಸಮ್ರೀನಳಿಗಾಗಿ ಎಂದು ಎಲ್ಲರಿಗೂ ಹೇಳಿದ್ದ. ಅವಳು ಬಂದು ನೋಡಿ, "ಇದರಾಗ ಆಡತಿದ್ರೇನ ಪಪ್ಪಾ ನೀವು? ಪಾಪ!" ಎಂದು ಮರುಗಿ, ಮೊಬೈಲ್ ಹಿಡಿದುಕೊಂಡು ಮಾಳಿಗೆ ಏರಿದ್ದಳು. ಹೋಗುವವಳಿಗೆ, ಅವಳು ಕೇಳದಿದ್ದರೂ, ಪಾಠ ಹೇಳಿದ್ದ: ಕ್ಯಾಸೆಟ್ಟಿಗೆ ಎಂದೂ ಊದಬಾರದು. ಬಾಯಿಯ ಹಸಿ ತಾಗಿದರೆ ತಾಮ್ರ ಕಿಲುಬು ಹಿಡಿಯುತ್ತದೆ. ಅವನು ಭೌತಶಾಸ್ತ್ರದ ಮೇಷ್ಟ್ರು.

ಚಿಕ್ಕಂದಿನಲ್ಲಿ ಹುಟ್ಟೂರು ಟಿಕೋಟಾದ ಹುಡುಗರೆಲ್ಲ ಊದುತ್ತಿದ್ದರು. ಯಾರ ಕ್ಯಾಸೆಟ್ ಹಟ ಹಿಡಿದರೂ ಕೊನೆಗೆ ಬರುತ್ತಿದ್ದದ್ದು ಇವನ ಕೈಗೆ. "ನೀ ಊದಲೇ ಸಮದ್ಯಾ, ನಿಮ್ಮಪ್ಪನ ಉಸಿರು ನಿನ್ನ ಬಾಯಾಗೂ ಇರತೈತಿ" ಎನ್ನುತ್ತಿದ್ದರು. ಆಗ ಹೆಮ್ಮೆಯಾಗುತ್ತಿತ್ತು. ಈಗ ನೆನೆದರೆ ಮೈ ಉರಿಯಿತು.

ಅಪ್ಪನ ಉಸಿರು ಸುತ್ತಲ ಊರಿಗೆಲ್ಲ ಗೊತ್ತಿತ್ತು. ಮೌಲಾಸಾಬರು ಹಗಲೆಲ್ಲ ಬಳೆ ಮಾರಿ, ಸಂಜೆಯ ನಮಾಜು ಮುಗಿಸಿ ಕಟ್ಟೆಯ ಮೇಲೆ ಕೂತರೆ, ಅಂಜಿದ ಮಕ್ಕಳನ್ನು, ಜ್ವರದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಬರುತ್ತಿದ್ದರು. ಮುಸಲ್ಮಾನರೆಷ್ಟೋ ಹಿಂದೂಗಳೂ ಅಷ್ಟೇ. ಅವರು ತುಟಿಯೊಳಗೇ ಏನೋ ಓದಿ ಕೂಸಿನ ಮುಖಕ್ಕೆ ಮೆಲ್ಲಗೆ ಊದುವರು. ಯಾರಿಂದಲೂ ದುಡ್ಡು ಮುಟ್ಟುತ್ತಿರಲಿಲ್ಲ. ಈಗ ಅವರಿಗೇ ಸಾಲುವಷ್ಟು ಉಸಿರಿಲ್ಲ. ದವಾಖಾನೆಯವರು, ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದಿದ್ದರು. ಅದರ ಅರ್ಥ ಎಲ್ಲರಿಗೂ ಗೊತ್ತಾಗಿತ್ತು.

ಹೆಂಡತಿ ಮಿನಾಜ ಬಾಗಿಲಲ್ಲಿ ನಿಂತಳು. "ಟಿಕೋಟಾದಿಂದ ಗುರುಬಾಯಿ ಬಂದಾರ, ಮೊಮ್ಮಗಳನ್ನ ಕರಕೊಂಡು. ಮಾವಾರು ನಿಮ್ಮನ್ನ ಕರ್ಯಾಕತ್ತಾರ."

"ಬಂದೆ."

"ಆಗಳೂ ಬಂದೆ ಅಂದ್ರಿ."

"ಒಂದು ಪಿನ್ ಉಳದದ."

"ಆ ಪಿನ್ನಿನ ಜೀವ ಏನೂ ಹೋಗೂದಿಲ್ಲ, ಏಳ್ರಿ."

ಎದ್ದ. ಕೋಣೆಯ ಹೊಸ್ತಿಲು ದಾಟಲಿಲ್ಲ. ಹಳೆಯ ನೆರೆಮನೆಯ ಗುರುಬಾಯಿ ನೆಲದ ಮೇಲೆ ಕೂತಿದ್ದಳು. ತೊಡೆಗೆ ಒರಗಿ ಏಳೆಂಟು ವರ್ಷದ ಹುಡುಗಿ, ಸುವರ್ಣಾ.

"ಬಬಲೇಶ್ವರದ ಸಂತ್ಯಾಗ ಹೋರಿ ಬೆನ್ನ ಹತ್ತಿತ್ತು ತಮ್ಮಾ. ಆವತ್ತಿಂದ ಕೂಸು ಮಾತು ಬಿಟ್ಟೈತಿ. ದೊಡ್ಡ ಡಾಕ್ಟರಿಗೂ ತೋರಿಸೇವಿ. ಎಲ್ಲಾ ಬರೋಬರಿ ಐತಿ ಅಂತಾರ. ಬರೋಬರಿ ಇದ್ರ ಮಾತ್ಯಾಕ ಬರವಲ್ದು?"

ಅಬ್ಬಾ ಮೂಗಿನ ನಳಿಗೆಯನ್ನು ಸ್ವಲ್ಪ ಸರಿಸಿದರು. "ನನ್ನ ಕಡೆ... ಉಸಿರಿಲ್ಲ. ನೀ ಊದು. ಇಜಾಜತ್ ಕೊಟ್ಟೀನಿ."

ಇಜಾಜತ್ ಅಂದರೆ ಅಪ್ಪಣೆ. ಅಜ್ಜ ಅಪ್ಪನಿಗೆ ಕೊಟ್ಟದ್ದು, ಅಪ್ಪ ಈಗ ಮಗನಿಗೆ. ಸಾಯುವ ಮುಂಚೆ ಕೊಡದಿದ್ದರೆ ಮಣ್ಣಿಗೆ ಹೋಗುತ್ತದೆ ಎಂದು ಅವರು ನಂಬಿದ್ದರು. ನಾಲ್ಕು ತಿಂಗಳಿಂದ ಇದನ್ನು ಹೇಳಲೆಂದೇ ಅವರು ಕರೆಯುತ್ತಿದ್ದರೆಂಬುದು ಸಮದನಿಗೆ ಗೊತ್ತಿತ್ತು.

"ಸೋಲ್ಡರ್ ಕಾಯಾಕ ಇಟ್ಟೀನಿ ಅಬ್ಬಾ. ಬಂದೆ" ಎಂದು ತಿರುಗಿದ.

ನಾಚಿಕೆಯಾಯಿತು. ನಾಚಿಕೆಯಾದದ್ದಕ್ಕೆ ಸಿಟ್ಟೂ ಬಂತು. ನಂಬಿಕೆ ಇಲ್ಲ ಎಂದರೆ ಮುದುಕನ ಎದೆ ಒಡೆಯುತ್ತದೆ. ನಂಬದೆ ಊದಿದರೆ ಮೋಸ. ತಾನು ಮೋಸ ಮಾಡುವವನಲ್ಲ ಎಂದು ಸಮಾಧಾನ ಹೇಳಿಕೊಂಡ. ಆ ಸೋಲ್ಡರಿನ ಬೆಸುಗೆ ಕಡ್ಡಿಯ ವೈರನ್ನು ಇನ್ನೂ ಪ್ಲಗ್ಗಿಗೇ ಹಾಕಿರಲಿಲ್ಲ.

ಕ್ಯಾಸೆಟ್ ಒತ್ತಿದ. ಬೂದು. ಕಿತ್ತ, ಮತ್ತೆ ಒತ್ತಿದ. ಬೂದು. "ಹಾಳಾಗಿ ಹೋಗು" ಎಂದು ಬೈದು ಕಿತ್ತವನು, ಅದನ್ನು ಬಾಯಿಯ ಹತ್ತಿರ ತಂದು ಈ ತುದಿಯಿಂದ ಆ ತುದಿಯವರೆಗೆ ಊದಿಬಿಟ್ಟ. ಒತ್ತಿದ. ಟಿವಿಯಿಂದ ಕೀರಲು ಸಂಗೀತ ಹೊರಟಿತು. ಪರದೆಯ ಎಡತುದಿಯಲ್ಲಿ ಹೆಬ್ಬೆರಳಿನಷ್ಟು ಮನುಷ್ಯನೊಬ್ಬ ಎದ್ದು ನಿಂತ.

"ಅಲ್ಲೋ ತಮ್ಮಾ!" ಬಾಗಿಲಲ್ಲಿ ಗುರುಬಾಯಿ. ಮೊಮ್ಮಗಳ ಕೈ ಹಿಡಿದಿದ್ದಳು. "ಡಬ್ಬಿಗೆ ಊದತಿ, ಕೂಸಿಗೆ ಊದಾಕ ಏನ ಧಾಡಿ ನಿನಗ?"

"ಇದು ಬ್ಯಾರೆ ಐತಿ ಅವ್ವಾ. ಸುಮ್ನ ರೂಢಿ..."

"ಬಾಯಿ ಅದಽ, ಉಸಿರು ಅದಽ. ಬ್ಯಾರೆ ಏನ ಬಂತು ಮಣ್ಣು?" ಅವಳು ಹುಡುಗಿಯನ್ನು ಅವನ ಮುಂದೆ ನೂಕಿದಳು.

ಒಳಗಿನಿಂದ ಅಬ್ಬಾನ ದನಿ ಬಂತು: "ಊದಿದೇನ?"

ಸಮದ ಬಾಗಿದ. ಹುಡುಗಿಯ ತಲೆಯಿಂದ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು. ಓದಬೇಕಾದದ್ದು ಅವನಿಗೆ ಬಾಯಿಪಾಠವಿತ್ತು, ಆರನೆಯ ವಯಸ್ಸಿನಲ್ಲೇ ಕಲಿತದ್ದು. ನಾಲಗೆ ಏಳಲಿಲ್ಲ. ಗುರುಬಾಯಿ ನೋಡುತ್ತಿದ್ದಳಾದ್ದರಿಂದ ತುಟಿಯನ್ನಷ್ಟೇ ಅಲ್ಲಾಡಿಸಿ ಊದಿದ. ಹುಡುಗಿಯ ಹಣೆಗೂದಲು ಹಾರಿತು. ಅಷ್ಟೇ.

ಅವಳು ಇವನನ್ನು ನೋಡುತ್ತಲೇ ಇರಲಿಲ್ಲ. ಇವನ ಹೆಗಲಾಚೆ ಪರದೆಯ ಮೇಲೆ ಅವಳ ಕಣ್ಣು. ಅವನಿಗೆ ಎಂಥದೋ ಬಿಡುಗಡೆಯಾಗಿ, ಆಟದ ರಿಮೋಟನ್ನು ಅವಳ ಕೈಗಿಟ್ಟು ಗುಂಡಿ ಒತ್ತಿ ತೋರಿಸಿದ. ಪುಟ್ಟ ಮನುಷ್ಯ ಓಡಿದ, ಹಾರಿದ, ಹೊಂಡಕ್ಕೆ ಬಿದ್ದ.

"ಸತ್ತ" ಎಂದಳು ಸುವರ್ಣಾ.

"ಯವ್ವಾ! ಮಾತಾಡ್ತು! ನನ್ನ ಕೂಸು ಮಾತಾಡ್ತು!" ಗುರುಬಾಯಿ ಸೆರಗು ಬಾಯಿಗೊತ್ತಿ ಅಳುತ್ತ ಒಳಗೆ ಓಡಿದಳು. "ಅಣ್ಣಾ, ನಿನ್ನ ಉಸಿರು ಎಲ್ಲೂ ಹೋಗಿಲ್ಲ. ಮಗನ ಬಾಯಾಗ ಐತಿ!"

ಸಮದ ಹಿಂದೆಯೇ ಹೋದ. ಇದು ತನ್ನಿಂದ ಅಲ್ಲ, ಆಟದಿಂದ ಎಂದು ಹೇಳಲೇಬೇಕೆಂದುಕೊಂಡು ಈ ಸಲ ಹೊಸ್ತಿಲು ದಾಟಿದ. ಅಬ್ಬಾನ ಮುಖ ನೋಡಿದ. ಬೇನೆ ಬಿದ್ದಾಗಿನಿಂದ ಆ ಮುಖದಲ್ಲಿ ಇಷ್ಟು ಸಂತೋಷ ಕಂಡಿರಲಿಲ್ಲ. ಕಣ್ಣ ಸಂದಿಯಿಂದ ನೀರು ಕಿವಿಗೆ ಇಳಿಯುತ್ತಿತ್ತು.

"ಏನ ಓದಿದಿ?"

"ನೀವು ಓದೂದಽ" ಎಂದ. ಸುಳ್ಳು ಎಷ್ಟು ಸಲೀಸಾಗಿ ಬಂತು ಎಂದು ಅವನಿಗೇ ಹೆದರಿಕೆಯಾಯಿತು.

ಅಬ್ಬಾ ಮೂಗಿನ ನಳಿಗೆಯನ್ನು ಎಳೆದು ಕಿತ್ತು ಪಕ್ಕಕ್ಕೆ ಹಾಕಿದರು. "ಸಾಕು ಇದು. ಈಗ... ನನಗ ಊದು."

"ಮಾವಾರಽ, ನಳಿ ತೆಗೀಬ್ಯಾಡ್ರಿ!" ಮಿನಾಜ ಧಾವಿಸಿದಳು. ಅಬ್ಬಾ ಅವಳ ಕೈಯನ್ನು ದೂಡಿದರು. ಅಷ್ಟು ಬಲ ಎಲ್ಲಿತ್ತೋ. "ಅವಾ ಊದಲಿ. ಆಮ್ಯಾಲ... ಇದೇನೂ ಬ್ಯಾಡ."

"ಅಬ್ಬಾ, ಮೊದಲ ನಳಿ ಹಾಕ್ಕೊರಿ."

"ಊದು."

"ಅದು ನಾ... ಆ ಹುಡುಗಿ ಆಟ ನೋಡಿ..."

"ಊದೋ ಸಮದಾ." ಎದೆಗೂಡು ಏರಿ ಇಳಿಯುತ್ತಿತ್ತು. ತುಟಿಯ ಅಂಚು ನೀಲಿಗಟ್ಟುತ್ತಿತ್ತು. ಕಣ್ಣು ಮಾತ್ರ ಮಗನ ಬಾಯಿಯ ಮೇಲೆ, ಹಾಲಿಗೆ ಕಾದ ಕೂಸಿನ ಕಣ್ಣಿನ ಹಾಗೆ.

ಊದಿದರೆ ನಂಬಿ ಬಿಡುತ್ತಾರೆ, ನಳಿಗೆ ಮತ್ತೆ ಮುಟ್ಟುವುದಿಲ್ಲ. ಊದದಿದ್ದರೆ ಹೀಗೇ ಕಾಯುತ್ತಾರೆ. ಮಿನಾಜ "ಏನರೆ ಮಾಡ್ರಿ!" ಎಂದು ಚೀರಿದಳು. ಸಮದ ಬಾಗಿದ. ಅಪ್ಪನ ಮುಖಕ್ಕೆ ಮುಖ ಇಷ್ಟು ಹತ್ತಿರ ತಂದು ಎಷ್ಟು ವರ್ಷವಾಗಿತ್ತೋ. ತುಟಿ ದುಂಡಗೆ ಮಾಡಿದ.

ಹೊರಗೆ ಸಂಗೀತ ಮೊದಲಿನಿಂದ ಶುರುವಾಯಿತು. "ಸತ್ತ" ಎಂದಳು ಹುಡುಗಿ, ನಕ್ಕಳು.

ತುಟಿ ದುಂಡಗಾಗಿಯೇ ಇತ್ತು, ಎದೆಯ ತುಂಬ ಗಾಳಿ ಇತ್ತು, ಹೊರಗೆ ಬರಲಿಲ್ಲ. ಕಿತ್ತೆಸೆದ ನಳಿಗೆ ದಿಂಬಿನ ಮೇಲೆ ಬಿದ್ದು, ಯಾರ ಮುಖವೂ ಇಲ್ಲದ ಕಡೆಗೆ ಸುಯ್ಯೆಂದು ಊದುತ್ತಲೇ ಇತ್ತು.